ಸಿಲುವಯ್ಯನ್ ಸಾರ್ ಅಳೆದ ಮರಳು

ಬೆಸ್ತನ ಮಗನಿಗೆ ಕಡಲು ಆಗಿಬರುವುದಿಲ್ಲ ಎಂದರೆ ನಮ್ಮ ವೆಳ್ಳತ್ತೋಪಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಸಿಲುವಯ್ಯನ್ ಹುಟ್ಟಿದ ಮೇಲೆ ನಂಬಬೇಕಾಯಿತು. ಶಿಲುಬೆಯ ಹೆಸರನ್ನೇ ಇಟ್ಟುಕೊಂಡ ಆ ಹುಡುಗ ದೋಣಿ ಹತ್ತಿದವನು ಇಳಿಯುವ ತನಕ ವಾಂತಿ ಮಾಡಿದ. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ಅವನಪ್ಪ ವರೀದ್ ಊರಿಗೆಲ್ಲ ಕೇಳುವ ಹಾಗೆ ಹೇಳಿದ್ದು ಇಷ್ಟು: "ಇವನನ್ನ ಕರ್ಕೊಂಡ್ ಹೋದ್ರೆ ಮೀನಿಗೆ ಊಟ ಹಾಕಿ ಬಂದ ಹಾಗಾಗುತ್ತೆ, ಮೀನು ಹಿಡಿದು ಬಂದ ಹಾಗಾಗಲ್ಲ."

ಹೀಗೆ ದಂಡೆಯಲ್ಲೇ ಉಳಿದ ಹುಡುಗನಿಗೆ ಚೆಂಡು ಗಂಟುಬಿತ್ತು. ಆಗ ನಮ್ಮ ದಂಡೆ ಅಗಲವಾಗಿತ್ತು. ದೋಣಿಗಳನ್ನು ಎಳೆದು ನಿಲ್ಲಿಸಿ, ಬಲೆ ಹರವಿ, ಬಂಗುಡೆ ಒಣಗಿಸಲು ಚಾಪೆ ಹಾಸಿದ ಮೇಲೂ ಹನ್ನೊಂದು ಹನ್ನೊಂದು ಜನ ಆಡುವಷ್ಟು ಮರಳು ಮಿಗುತ್ತಿತ್ತು. ಸಿಲುವಯ್ಯನ್ ಅಲ್ಲೇ ಆಡಿ ಜಿಲ್ಲಾ ತಂಡಕ್ಕೆ ಹೋದ. ಮೊಣಕಾಲು ಕೆಟ್ಟಮೇಲೆ ತರಬೇತಿ ಮುಗಿಸಿ ನಮ್ಮ ಇಗರ್ಜಿಯ ಹೈಸ್ಕೂಲಿಗೇ ಡ್ರಿಲ್ ಮಾಸ್ತರನಾಗಿ ಬಂದ. ಅಂದಿನಿಂದ ಅವನು ಊರಿಗೆಲ್ಲ ಸಿಲುವಯ್ಯನ್ ಸಾರ್ ಆದ. ನಾನು ಅದೇ ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ. ನನಗೂ ಅವರು ಸಾರ್ ಆದರು. ಆ ವಿಷಲ್ ಕೊರಳಿಗೆ ಬಿದ್ದಮೇಲೆ ಅವರನ್ನು ಏಕವಚನದಲ್ಲಿ ಕರೆಯುವ ಧೈರ್ಯ ಅವರ ಹೆಂಡತಿ ಲೂರ್ದಮ್ಮನಿಗೂ ಉಳಿಯಲಿಲ್ಲ.

ಅವರಿಗೆ ಜಗತ್ತಿನಲ್ಲಿ ಇದ್ದದ್ದು ಒಂದೇ ಚಿಂತೆ, ಮೈದಾನ. ಶಾಲೆಯ ಕೆಳಗೆ, ದಂಡೆಯ ಮೇಲಿನ ಕಲ್ಲುಶಿಲುಬೆಯ ಗುಡಿಯಿಂದ ಕಡಲಿನ ಕಡೆಗೆ ಇಳಿದರೆ ಅವರ ಮೈದಾನ. ಅದು ವರ್ಷವರ್ಷಕ್ಕೂ ಕಿರಿದಾಗುತ್ತಿತ್ತು. ದಕ್ಷಿಣದಲ್ಲಿ ಕಲ್ಲಿನ ಒಡ್ಡು ಹಾಕಿದ ಮೇಲೆ ಹೀಗಾಯಿತು ಎಂದು ಕೆಲವರು, ಕಾಲವೇ ಕೆಟ್ಟಿದೆ ಎಂದು ಕೆಲವರು ಹೇಳುತ್ತಿದ್ದರು. ಮಳೆಗಾಲ ಮುಗಿದಾಗಲೆಲ್ಲ ಸಿಲುವಯ್ಯನ್ ಸಾರ್ ಕಡಲ ಕಡೆಯ ಗೆರೆಯನ್ನು ಒಂದಿಷ್ಟು ಒಳಗೆ ಎಳೆಯುತ್ತಿದ್ದರು. ಎಳೆದು, ಬೇಲಿ ಒತ್ತುವ ನೆರೆಮನೆಯವನನ್ನು ನೋಡುವ ಹಾಗೆ ಕಡಲನ್ನು ನೋಡುತ್ತಿದ್ದರು.

ಆ ವರ್ಷ ಜೂನಿಗೆ ಮೊದಲು, ತೀರದ ಅಧ್ಯಯನ ಮಾಡುವ ನಗರದ ಸಂಸ್ಥೆಯೊಂದರಿಂದ ಕೋರಿಕೆ ಬಂತು. ಕಡಲು ದಂಡೆಯನ್ನು ಎಷ್ಟು ಕೊರೆಯುತ್ತಿದೆ, ಎಷ್ಟು ಮರಳು ಹಿಂದಿರುಗುತ್ತದೆ ಎಂಬುದನ್ನು ತಿಂಗಳಿಗೊಮ್ಮೆ ಹೈಸ್ಕೂಲು ಮಕ್ಕಳಿಂದಲೇ ಅಳೆಸಬೇಕಂತೆ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅಂಬ್ರೋಸಿಯ ಸ್ಟಾಫ್‌ರೂಮಿಗೆ ಬಂದು ವಿಷಯ ತಿಳಿಸಿ, ವಿಜ್ಞಾನದ ಪ್ರಸನ್ನಕುಮಾರಿ ಟೀಚರ ಮುಖ ನೋಡಿದರು. ಟೀಚರು ಒಳನಾಡಿನಿಂದ ಬಸ್ಸಿನಲ್ಲಿ ಬರುವವರು. ಹದಿನಾರು ವರ್ಷ ಕಡಲ ಪಕ್ಕದಲ್ಲಿ ಪಾಠ ಹೇಳಿಯೂ ಪಾದ ನೆನೆಸಿಕೊಂಡವರಲ್ಲ. ಉಪ್ಪುನೀರಿಗೆ ಸೀರೆಯ ಅಂಚು ಕೆಡುತ್ತದೆ ಎಂದರು. ಸಿಸ್ಟರ್ ಅದಕ್ಕೆ ಜಗ್ಗಲಿಲ್ಲ. ಆಗ ಟೀಚರು ಕೊನೆಯ ಮಾತು ಹೇಳಿದರು: "ಸಿಸ್ಟರ್, ಕಡಲು ಸಿಲಬಸ್ಸಲ್ಲಿಲ್ಲ."

ಸಿಸ್ಟರ್ ನನ್ನ ಕಡೆ ತಿರುಗುವ ಹೊತ್ತಿಗೆ ನಾನು ಕಿಟಕಿಯ ಆಚೆ ಯಾರನ್ನೋ ಹುಡುಕುತ್ತಿದ್ದೆ. ಮೂಲೆಯಲ್ಲಿ ಹರಿದ ಚೆಂಡಿಗೆ ಹೊಲಿಗೆ ಹಾಕುತ್ತಿದ್ದ ಸಿಲುವಯ್ಯನ್ ಸಾರ್ ಮಾತ್ರ ತಲೆಯೆತ್ತಿದರು.

"ನಮ್ಮ ಮೈದಾನ ಎಷ್ಟು ಹೋಯ್ತು ಅಂತ ಗೊತ್ತಾಗುತ್ತಾ ಅದ್ರಲ್ಲಿ?"

"ಗೊತ್ತಾಗುತ್ತಂತೆ" ಎಂದರು ಸಿಸ್ಟರ್.

"ಹಾಗಾದ್ರೆ ನಂಗಿರಲಿ."

ಕಲಿಸಲು ಬಂದವರು ಡಾಕ್ಟರ್ ಹೈಮವತಿ. ಕುಳ್ಳ ಆಳು, ಅಗಲ ಟೋಪಿ, ಮೀನು ಹರಾಜು ಕೂಗುವವರ ಗಂಟಲು. ಅವರ ಉಪಕರಣಗಳನ್ನು ನೋಡಿ ನಮಗೆ ನಿರಾಸೆಯೇ ಆಯಿತು: ಅಳತೆಯ ಗೆರೆ ಹಾಕಿದ ಎರಡು ಕೋಲು, ನಡುವೆ ಒಂದು ಹಗ್ಗ. ಗುಡಿಯ ಕಟ್ಟೆಯ ಮೇಲೆ ಹಳದಿ ಬಣ್ಣದಲ್ಲಿ ಒಂದು ಗುರುತು ಹಾಕಿಸಿದರು. ಅಲ್ಲಿಂದ ನೀರಿನ ತನಕ ನೇರ ಗೆರೆಯಲ್ಲಿ ಹೆಜ್ಜೆಹೆಜ್ಜೆಗೂ ಕೋಲು ನಿಲ್ಲಿಸುತ್ತ ಹೋಗಬೇಕು. ಹಿಂದಿನ ಕೋಲು ಹಿಡಿದವರು ಮುಂದಿನ ಕೋಲಿನ ತುದಿಯನ್ನೂ ಆಕಾಶ ಕಡಲು ಕೂಡುವ ಗೆರೆಯನ್ನೂ ಸೇರಿಸಿ ನೋಡಿ, ಮರಳು ಎಷ್ಟು ಇಳಿದಿದೆ ಎಂದು ಕೂಗಿ ಹೇಳಬೇಕು. ಇನ್ನೊಬ್ಬರು ಬರೆದುಕೊಳ್ಳಬೇಕು. ಗೆರೆ ಎಲ್ಲಿ ಎಳೆಯೋಣ ಎಂದು ಡಾಕ್ಟರು ಕೇಳಿದಾಗ ಸಿಲುವಯ್ಯನ್ ಸಾರ್ ಒಂದು ಕ್ಷಣವೂ ಯೋಚಿಸದೆ ಮೈದಾನದ ಬಲಬದಿಯ ಗೆರೆಯನ್ನೇ ತೋರಿಸಿದರು.

ಅವರು ಆರಿಸಿಕೊಂಡದ್ದು ವಿಜ್ಞಾನ ಸಂಘದ ಮಕ್ಕಳನ್ನಲ್ಲ, ಫುಟ್‌ಬಾಲ್ ತಂಡವನ್ನು. ಭೌತಶಾಸ್ತ್ರದಲ್ಲಿ ಒಂದಂಕಿ ದಾಟದವರನ್ನೆಲ್ಲ ಸಂಶೋಧನೆಗೆ ಕಳಿಸುತ್ತಿದ್ದೀರಲ್ಲ ಎಂದು ಪ್ರಸನ್ನಕುಮಾರಿ ಟೀಚರು ಕೊಂಕು ನುಡಿದರು. ಕೋಲು ನೆಟ್ಟಗೆ ಹಿಡಿಯಲು ಮಾರ್ಕು ಬೇಕೇ ಎಂದು ಇವರು ಕೇಳಿದರು. ಹಿಂದಿನ ಕೋಲು ಒಂಬತ್ತನೆಯ ಕ್ಲಾಸಿನ ಮೆಟಿಲ್ಡಳ ಕೈಗೆ ಬಂತು. ಅವಳು ಹುಡುಗಿಯರ ತಂಡದ ಗೋಲ್‌ಕೀಪರ್. ದೂರ ನೋಡುವ ಕಣ್ಣು, ಕಡಿಮೆ ಮಾತು. ಮುಂದಿನ ಕೋಲು ಸ್ಟೆಲ್ಲಸ್ ಎಂಬ ಫಾರ್ವರ್ಡ್ ಆಟಗಾರನಿಗೆ; ನೀರಿನ ತನಕ ಹೋಗಲು ಹೇಳಿದರೆ ನೀರೊಳಗೂ ಹೋಗುವವನು.

ಅಳತೆ ಎಂದರೆ ಸಾರ್‌ಗೆ ಅದೂ ಒಂದು ಡ್ರಿಲ್ಲೇ. ಒಂದು ವಿಷಲ್ ಊದಿದರೆ ಕೋಲು ಎತ್ತಬೇಕು, ಎರಡು ಊದಿದರೆ ಊರಬೇಕು, ಉದ್ದಕ್ಕೆ ಊದಿದರೆ ಮೆಟಿಲ್ಡ ಅಂಕಿ ಕೂಗಬೇಕು. ಮೊದಲ ಶನಿವಾರ ಈ ಸದ್ದಿಗೆ ಅರ್ಧ ಊರೇ ದಂಡೆಗೆ ಬಂತು. ನಮ್ಮನ್ನು ಇಲ್ಲಿಂದ ಎಬ್ಬಿಸುವುದಕ್ಕೆ ಸರಕಾರ ಅಳೆಸುತ್ತಿದೆ ಎಂದು ಒಂದು ಸುದ್ದಿ, ಪರಿಹಾರ ಕೊಡುವುದಕ್ಕೆ ಎಂದು ಇನ್ನೊಂದು. ನೀರಿಗೆ ಎಲ್ಲರಿಗಿಂತ ಹತ್ತಿರದ ಮನೆಯ ಅಜ್ಜಿ ತ್ರೇಸ್ಯಮ್ಮೂಮ್ಮ ಎರಡನ್ನೂ ಕೇಳಿಸಿಕೊಂಡು ಬಂದು ಸ್ಟೆಲ್ಲಸನ ತೋಳು ಹಿಡಿದುಕೊಂಡರು.

"ಬರೆಯೋದಾದ್ರೆ ಸ್ವಲ್ಪ ಜಾಸ್ತಿ ಹಾಕಿ ಬರಿ ಅಪ್ಪೀ. ಬಡವರ ಊರು."

ಜೂನಿನಲ್ಲಿ ಕಡಲು ಎದ್ದಿತು. ದಂಡೆ ಕುಸಿಯಿತು. ಅಲೆಗಳು ರಸ್ತೆಯ ಮೇಲೂ ಮರಳು ಚೆಲ್ಲಿದವು. ಪಂಚಾಯಿತಿಯವರು ಅದನ್ನು ಗುಡಿಸಿ ರಸ್ತೆಯ ಬದಿಗೆ ಗುಡ್ಡೆ ಹಾಕಿದರು. ಮಕ್ಕಳು ಮಳೆಯಲ್ಲೇ ನಿಂತು ಅಳೆದರು, ನಾನು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದುಕೊಟ್ಟೆ. ನಮ್ಮ ಹಾಗೇ ಅಳೆಯುತ್ತಿದ್ದ ಬೇರೆ ಶಾಲೆಗಳದ್ದೂ ಅದೇ ಕಥೆ. ಮಳೆಗಾಲ ಕಳೆದ ಮೇಲೆ ಮರಳು ನಿಧಾನವಾಗಿ ಹಿಂದಿರುಗಬೇಕು. ಬೇರೆಲ್ಲ ಕಡೆ ಅದು ಅಳುಕುತ್ತ ಅಳುಕುತ್ತ ಬರುತ್ತಿತ್ತು. ನಮ್ಮಲ್ಲಿ ಮಾತ್ರ ಅಕ್ಟೋಬರಿನ ಗೆರೆ ಸೆಪ್ಟೆಂಬರಿನ ಗೆರೆಯ ಮೇಲೆ ಹತ್ತಿ ಕೂತಿತು. ನವೆಂಬರಿನದು ಅದರ ಮೇಲೂ ಹತ್ತಿತು.

ಡಾಕ್ಟರ್ ಹೈಮವತಿ ಫೋನ್ ಮಾಡಿ ಮತ್ತೊಮ್ಮೆ ಅಳೆಯಲು ಹೇಳಿದರು. ಅಳೆದರು, ಅದೇ ಬಂತು. ಇಡೀ ಕರಾವಳಿ ಕರಗುತ್ತಿರುವಾಗ ವೆಳ್ಳತ್ತೋಪಿನ ದಂಡೆ ಬೆಳೆಯುತ್ತಿದೆ ಎಂಬ ಸುದ್ದಿ ಪೇಪರಿನವರಿಗೆ ಹೇಗೋ ತಿಳಿಯಿತು. ಕೋಲು ಹಿಡಿದ ಮಕ್ಕಳ ನಡುವೆ ಎದೆ ಉಬ್ಬಿಸಿ ನಿಂತ ಸಾರ್ ಅವರ ಫೋಟೋ ಬಂತು. ಇಗರ್ಜಿಯ ಪಾದ್ರಿ ಯೂಸೇಬಿಯಸ್ ಅಚ್ಚನ್ ಭಾನುವಾರದ ಪ್ರವಚನದಲ್ಲಿ, ನಂಬಿದವರ ಕಾಲಡಿಯ ಮಣ್ಣನ್ನು ದೇವರು ಕೈಬಿಡುವುದಿಲ್ಲ ಎಂದು ನಮ್ಮ ಗ್ರಾಫನ್ನೇ ಉದಾಹರಣೆ ಕೊಟ್ಟರು. ಇದೆಲ್ಲ ಕೇಳಿ ಉತ್ತರದ ಪುತ್ತನ್‌ಕಡವಿನಿಂದ ಐದಾರು ಜನ ಹಿರಿಯರು ಬಂದರು. ಅವರ ದಂಡೆ ಪೂರ್ತಿ ಹೋಗಿತ್ತು. ಚಹಾ ಕುಡಿದು, ಬಾಳೆಹಣ್ಣಿನ ಬಜ್ಜಿ ತಿಂದು, ಕೊನೆಗೆ ಬಂದ ಕೆಲಸ ಹೇಳಿದರು. ನಿಮ್ಮಲ್ಲಿ ಬೆಳೆಯುತ್ತಿರುವುದು ನಮ್ಮ ಮರಳೇ ಇರಬೇಕು, ಮರ್ಯಾದೆಯಾಗಿ ಹಿಂದಿರುಗಿಸಿ ಎಂದರು. ಸಿಲುವಯ್ಯನ್ ಸಾರ್ ಗಂಭೀರವಾಗಿ, ಕಡಲು ಯಾರಿಗೆ ಪಾಸ್ ಕೊಡುತ್ತದೋ ಅವರದು ಚೆಂಡು ಎಂದರು. ಜಗಳವಾಗದೆ ಹೋದದ್ದು ಸಿಸ್ಟರ್ ಅಂಬ್ರೋಸಿಯರ ಪುಣ್ಯ.

ಡಾಕ್ಟರಿಗೆ ತಡೆಯಲಾಗಲಿಲ್ಲ. ಎಲ್ಲೋ ಮರಳಿನ ಹೊಸ ಹರಿವು ಹುಟ್ಟಿರಬೇಕು ಎಂದುಕೊಂಡು ಇಬ್ಬರು ಸಂಶೋಧಕರನ್ನೂ ಜರಡಿ ಸೀಸೆಗಳನ್ನೂ ಕಟ್ಟಿಕೊಂಡು ಹೊರಟರು. ಶನಿವಾರ ಬರುತ್ತೇವೆಂದವರು ಮುಂಚಿತವಾಗಿ ಶುಕ್ರವಾರ ಸಂಜೆಯೇ ಬಂದಿಳಿದರು. ನಾನೇ ಅವರನ್ನು ದಂಡೆಗೆ ಕರೆದುಕೊಂಡು ಹೋದೆ.

ಅಲ್ಲಿ ನಲವತ್ತು ಮಕ್ಕಳು ಬುಟ್ಟಿ ಹೊತ್ತು ಸಾಲಾಗಿ ನಡೆಯುತ್ತಿದ್ದರು. ರಸ್ತೆ ಬದಿಯ ಗುಡ್ಡೆಯಿಂದ ಮರಳು ತುಂಬಿಕೊಂಡು ಬಂದು ಮೈದಾನದ ಬಲಬದಿಗೆ ಸುರಿದು ತಿರುಗಿ ಹೋಗುತ್ತಿದ್ದರು. ಸಿಲುವಯ್ಯನ್ ಸಾರ್ ನಡುವೆ ನಿಂತು ವಿಷಲ್ ಊದುತ್ತಿದ್ದರು. ಇದು ನಮ್ಮ ಶಾಲೆಯ ಹಳೆಯ ಪದ್ಧತಿ. ವಾರದಲ್ಲಿ ತಡವಾಗಿ ಬಂದವರಿಗೆ, ಹೋಂವರ್ಕ್ ಮಾಡದವರಿಗೆ, ಪಾಠದಲ್ಲಿ ನಿದ್ದೆ ಹೋದವರಿಗೆ ಶುಕ್ರವಾರ ಮರಳು ಹೊರುವ ಶಿಕ್ಷೆ. ಬೆಳಗಿನ ಜಾವ ಬಲೆ ಎಳೆದು ಬರುವ ಮಕ್ಕಳಿರುವ ಊರಲ್ಲಿ ತಡವಾಗಿ ಬರುವವರಿಗೆ ಬರವೇ? ನಾನೂ ಕಳಿಸುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಕಳಿಸುತ್ತಿದ್ದವರು ಪ್ರಸನ್ನಕುಮಾರಿ ಟೀಚರು. ಅದಕ್ಕೂ ಗ್ರಾಫಿಗೂ ಏನಾದರೂ ಸಂಬಂಧ ಇದ್ದೀತೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಡಾಕ್ಟರು ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರವಿದ್ದ ಮೆಟಿಲ್ಡಳನ್ನು ಕರೆದು ಮೆಲ್ಲಗೆ ಕೇಳಿದರು.

"ಮಗಳೇ, ಇಲ್ಲಿಗೆ ಈ ಮರಳು ಎಲ್ಲಿಂದ ಬರುತ್ತೆ?"

"ರಸ್ತೆಯಿಂದ ಡಾಕ್ಟರ್. ನಾವೇ ತರ್ತೀವಿ."

"ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಸಾರ್ ಓಡಿ ಬಂದರು. ಏನೋ ಎಡವಟ್ಟಾಗಿದೆ ಎಂದು ಡಾಕ್ಟರ ಮುಖ ನೋಡಿಯೇ ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ಡಾಕ್ಟರು ಬುಟ್ಟಿಯ ಕಡೆ ಒಮ್ಮೆ, ಹಳದಿ ಗುರುತಿನ ಕಡೆ ಒಮ್ಮೆ ಬೆರಳು ತೋರಿಸಿದರು. ಸಾರ್ ಆ ಬೆರಳಿನ ಹಿಂದೆಯೇ ಕಣ್ಣು ಓಡಿಸಿದರು. ನಿಧಾನವಾಗಿ ಅವರ ಮುಖದ ಬಣ್ಣ ಇಳಿಯಿತು.

"ಡಾಕ್ಟರ್, ಅದು ಶಿಕ್ಷೆ, ಇದು ವಿಜ್ಞಾನ. ಎರಡೂ ಬೇರೆ ಬೇರೆ ಪೀರಿಯಡ್" ಎಂದರು.

ಡಾಕ್ಟರ್ ಹೈಮವತಿ ಪಕ್ಕದ ದೋಣಿಯ ಅಂಚಿನ ಮೇಲೆ ಕುಳಿತು, ಟೋಪಿ ತೆಗೆದು ಮುಖಕ್ಕೆ ಮುಚ್ಚಿಕೊಂಡು ನಕ್ಕರು. ಮೊದಲು ಅಳುತ್ತಿದ್ದಾರೆಂದೇ ನಾನು ತಿಳಿದೆ.

ಊರು ನಗಲು ತಡವಾಗಲಿಲ್ಲ. ಯೂಸೇಬಿಯಸ್ ಅಚ್ಚನ್ ಮುಂದಿನ ಭಾನುವಾರ ಮರಳಿನ ಸುದ್ದಿಗೆ ಹೋಗದೆ ಬೇಗ ಪ್ರವಚನ ಮುಗಿಸಿದರು. ಪುತ್ತನ್‌ಕಡವಿನವರು ನಮ್ಮವರನ್ನು ಕಂಡಲ್ಲೆಲ್ಲ ತಲೆಯ ಮೇಲೆ ಬುಟ್ಟಿ ಹೊತ್ತ ಹಾಗೆ ಕೈ ಎತ್ತಿ ನಡೆದು ತೋರಿಸಿದರು. ಮೀನು ಮಾರುವ ಲೂರ್ದಮ್ಮನಿಗೆ ಗಿರಾಕಿಗಳು, ಬಂಗುಡೆಯ ಜೊತೆ ಒಂದು ಬುಟ್ಟಿ ಮರಳೂ ಕೊಡುತ್ತೀಯಾ ಎಂದು ಕೇಳಿದರಂತೆ. ಅವರಿಗೆಲ್ಲ ಆಕೆ ತಕ್ಕ ಉತ್ತರ ಕೊಟ್ಟೇ ಬಂದಿದ್ದಳು. ಮನೆಗೆ ಬಂದು ಗಂಡನ ಮುಂದೆ ಕೂತಾಗ ಮಾತ್ರ ಅವಳ ದೂರೇ ಬೇರೆ ಇತ್ತು.

"ಮನೆಮುಂದೆ ನೀರು ನಿಲ್ಲುತ್ತೆ, ನಾಲ್ಕು ಬುಟ್ಟಿ ಮಣ್ಣು ಹಾಕ್ಸಿ ಅಂತ ಮದುವೆಯಾದಾಗಿಂದ ಹೇಳ್ತಿದೀನಿ. ಹಾಕ್ಸಿದ್ರಾ? ಕಡಲಿಗೆ ಹಾಕೋಕೆ ನಿಮಗೆ ಜನ ಸಿಗ್ತಾರೆ."

ಸಾರ್ ಸ್ಟಾಫ್‌ರೂಮಿಗೆ ಬರುವುದನ್ನು ಬಿಟ್ಟರು. ಡ್ರಿಲ್ಲನ್ನು ವಿಷಲ್ ಇಲ್ಲದೆ, ಬರೀ ಕೈಸನ್ನೆಯಲ್ಲಿ ಮಾಡಿಸಿದರು. ಆ ವಾರ ನಮ್ಮ ಶಾಲೆ ಸಾವಿನ ಮನೆಯ ಹಾಗಿತ್ತು. ಕಡೆಗೆ ಎರಡು ಕೋಲು, ಹಗ್ಗ ಎಲ್ಲ ತಂದು ಸಿಸ್ಟರ ಮೇಜಿನ ಮೇಲೆ ಅಡ್ಡಡ್ಡ ಇಟ್ಟು, ತಿಳಿದವರಿಗೆ ಕೊಡಿ ಎಂದರು. ಸಿಸ್ಟರ್ ಡಾಕ್ಟರಿಗೆ ಫೋನ್ ಹಚ್ಚಿ ಅದನ್ನು ಸಾರ್ ಕೈಗೆ ಕೊಟ್ಟರು. ಡಾಕ್ಟರ ಗಂಟಲು ಎಂಥದೆಂದರೆ ಬಾಗಿಲಲ್ಲಿದ್ದ ನನಗೂ ಎಲ್ಲ ಕೇಳಿಸಿತು.

"ನಿಮ್ಮ ಅಳತೆ ತಪ್ಪಿಲ್ಲ ಸಾರ್. ಬೆರಳಗಲ ವ್ಯತ್ಯಾಸವನ್ನೂ ಮಕ್ಕಳು ಹಿಡಿದಿದ್ದಾರೆ. ನೀವು ಹಾಕಿದ ಮರಳೂ ಅದರಲ್ಲಿ ಸರಿಯಾಗಿ ಬಂದಿದೆ, ಅದಕ್ಕೇ ಈ ಗಲಾಟೆ. ಕೇಳದೆ ಕುಣಿದವಳು ನಾನು. ಇನ್ಮೇಲೆ ಒಂದು ಕೆಲಸ ಬಿಟ್ರೆ ಸಾಕು."

"ಅಳೆಯೋದಾ?"

"ಹೊರೋದು."

ಹೇಳುವುದು ಸುಲಭ. ಆದರೆ ಜನವರಿಯಲ್ಲಿ ಇಗರ್ಜಿಯ ಹಬ್ಬ, ಹಬ್ಬಕ್ಕೆ ಪುತ್ತನ್‌ಕಡವಿನ ಜೊತೆ ಪಂದ್ಯ. ಮರಳು ತುಂಬದಿದ್ದರೆ ಬಲಬದಿ ಇಳಿಜಾರಾಗಿಬಿಡುತ್ತದೆ. ಸಾರ್ ಎರಡು ಸಂಜೆ ದಂಡೆಯಲ್ಲೇ ಅತ್ತಿಂದಿತ್ತ ಓಡಾಡಿದರು. ಮೆಟಿಲ್ಡ ಚೆಂಡು ಹಿಡಿದುಕೊಂಡು ದೂರದಲ್ಲಿ ನಿಂತಿದ್ದಳು.

"ಹೊರದಿದ್ರೆ ಮೈದಾನ ಹೋಗುತ್ತೆ ಕಣೇ" ಎಂದರು ಅವಳಿಗೆ.

"ಹೊತ್ತರೂ ಹೋಗುತ್ತೆ ಸಾರ್. ಹೊತ್ತರೆ ಹೋಗಿದ್ದು ಕಾಣಲ್ಲ, ಅಷ್ಟೆ."

ಮಾರನೆಯ ಶುಕ್ರವಾರದಿಂದ ಶಿಕ್ಷೆ ಬದಲಾಯಿತು: ತಡವಾಗಿ ಬಂದವರು ದಂಡೆಯ ಪ್ಲಾಸ್ಟಿಕ್ ಹೆಕ್ಕಬೇಕು. ಪಂದ್ಯದ ದಿನ ಸಾರ್ ನಡುಮೈದಾನಕ್ಕೆ ಹೋಗಿ, ಈ ವರ್ಷದಿಂದ ಏಳೇಳು ಜನರ ಆಟ, ಇದೇ ಈಗ ಎಲ್ಲ ಕಡೆಯ ರೂಢಿ ಎಂದು ತಾನೇ ಕಂಡುಹಿಡಿದವರಂತೆ ಸಾರಿದರು. ನಾವು ಸೋತೆವು. ನಮ್ಮವರ ಗೆಲುವಿನ ಗೋಲಾಗಬೇಕಿದ್ದ ಚೆಂಡು ಗಾಳಿಗೆ ಸಿಕ್ಕಿ ಕಡಲಿಗೆ ಬಿದ್ದಿತ್ತು. ಈಜಿ ಹೋಗಿ ಚೆಂಡು ತಂದವನು ಸ್ಟೆಲ್ಲಸ್. ತಂದವನ ಕೈಗೇ ಎಸೆತ ಕೊಡಬೇಕೆಂದು ಸಾರ್ ವಾದಿಸಿದ್ದು ನಡೆಯಲಿಲ್ಲ.

ಮರುವರ್ಷದ ಗೆರೆಗಳು ನಿಜವನ್ನೇ ಹೇಳಿದವು, ನಿಜ ಚೆನ್ನಾಗಿರಲಿಲ್ಲ. ಬೇಸಿಗೆಯಲ್ಲಿ ಮರಳು ಬರುತ್ತಿತ್ತು, ಆದರೆ ಹೋದಷ್ಟು ಬರುತ್ತಿರಲಿಲ್ಲ. ಆ ವರ್ಷ ಕಳೆದು ಬಂದ ಮಾರ್ಚಿನಲ್ಲಿ ಪಂಚಾಯಿತಿ ಸಭೆ ಕೂಡಿತು. ನೀರಿಗೆ ಹತ್ತಿರದ ಮುಂದಿನ ಸಾಲಿನ ಮನೆಗಳವರನ್ನು ಮಳೆಗಾಲಕ್ಕೆ ಮುಂಚೆಯೇ ಬೇರೆಡೆಗೆ ಕಳಿಸಬೇಕೋ ಬೇಡವೋ ಎಂಬುದೇ ವಿಷಯ. ಮೇಲಿನ ಕಚೇರಿಯಿಂದ ಬಂದ ಅಧಿಕಾರಿಯೊಬ್ಬರು ಬೆಳಿಗ್ಗೆ ದಂಡೆ ನೋಡಿ ಬಂದಿದ್ದರು. ಒಳ್ಳೆಯ ಮರಳಿದೆ, ಗಾಬರಿಪಡುವಂಥದ್ದು ಏನೂ ಇಲ್ಲ ಎಂದು ಮಾತು ಶುರು ಮಾಡಿದವರು ತಮ್ಮ ಸೇವೆಯ ಆರಂಭದ ದಿನಗಳಿಂದ ಕಥೆ ಹಿಡಿದರು. ಅಧ್ಯಕ್ಷರು ಆಕಳಿಸಿದರು. ಮೆಟಿಲ್ಡ ಮತ್ತು ಸ್ಟೆಲ್ಲಸ್ ಸುರುಳಿ ಸುತ್ತಿದ ಗ್ರಾಫ್ ಹಿಡಿದು ಗೋಡೆಗೆ ಒರಗಿ ನಿಂತೇ ಇದ್ದರು.

ಇದ್ದಕ್ಕಿದ್ದಂತೆ ವಿಷಲ್ ಕೂಗಿತು. ಅಧಿಕಾರಿ ಬೆಚ್ಚಿ ಮಾತು ನಿಲ್ಲಿಸಿದರು. ಸಿಲುವಯ್ಯನ್ ಸಾರ್ ಎದ್ದು ನಿಂತಿದ್ದರು. ಊದಿದ ಮೇಲೆ ತಾವೇ ಹೆದರಿದ್ದರು, ಆದರೆ ಊದಿದ ವಿಷಲನ್ನು ಹಿಂದಕ್ಕೆ ತೆಗೆದುಕೊಳ್ಳುವ ರೆಫರಿ ಇರುತ್ತಾನೆಯೇ?

"ಟೈಮ್ ಆಯ್ತು ಸಾರ್. ಈಗ ಮಕ್ಕಳ ಸರದಿ" ಎಂದರು.

ಸಭೆ ನಗುವುದೋ ಬೇಡವೋ ಎಂದು ತೋಚದೆ ಕೂತಿರುವಾಗಲೇ ಮೆಟಿಲ್ಡ ಹಾಳೆ ಬಿಚ್ಚಿ ಗೋಡೆಗೆ ಅಂಟಿಸಿದಳು. ಮಾರ್ಚಿನಲ್ಲಿ ಚೆನ್ನಾಗಿ ಕಾಣುವುದು ಪ್ರತಿವರ್ಷದ ಸಂಗತಿ ಎಂದಳು. ಹೋದ ಮಾರ್ಚಿನ ಗೆರೆ, ಈ ಮಾರ್ಚಿನ ಗೆರೆ ಎರಡನ್ನೂ ಬೆರಳಿಟ್ಟು ತೋರಿಸಿದಳು. ಹೋದ ಜುಲೈಯಲ್ಲಿ ನೀರು ಎಲ್ಲಿಗೆ ಬಂದಿತ್ತು, ಈ ಜುಲೈಯಲ್ಲಿ ಅಷ್ಟೇ ಬಂದರೂ ಯಾರ ಮನೆಯ ಹೊಸ್ತಿಲಲ್ಲಿ ಇರುತ್ತದೆ ಎಂದು ಹೆಸರು ಹಿಡಿದು ಹೇಳಿದಳು. ಇದರಲ್ಲೂ ಬುಟ್ಟಿ ಮರಳು ಇದೆಯೇ ಎಂದು ಹಿಂದಿನಿಂದ ಯಾರೋ ಕೇಳಿದರು.

"ಇತ್ತು. ಆ ಮೂರು ತಿಂಗಳ ಗೆರೇನ ಕೆಂಪಲ್ಲಿ ಹಾಕಿ ಬಿಟ್ಟಿದೀವಿ. ಅದನ್ನ ನೋಡ್ಬೇಡಿ, ಉಳಿದದ್ದು ನೋಡಿ" ಎಂದಳು.

ಆಮೇಲೆ ಯಾರೂ ನಗಲಿಲ್ಲ. ಅಧಿಕಾರಿ ಎದ್ದು ಹತ್ತಿರ ಬಂದು ಕನ್ನಡಕ ಹಾಕಿಕೊಂಡು ನೋಡಿದರು, ಒಂದು ಪ್ರತಿ ಕೇಳಿದರು. ಕಡಲಿಗೆ ತಡೆಗೋಡೆ ಕಟ್ಟುವ ಮಾತು ಮಾತಾಗಿಯೇ ಉಳಿಯಿತು. ಅದು ಇವತ್ತಿಗೂ ಹಾಗೇ ಇದೆ. ಆದರೆ ಮೇ ಮುಗಿಯುವ ಮೊದಲು ಮುಂದಿನ ಸಾಲಿನ ನಾಲ್ಕು ಕುಟುಂಬಗಳಿಗೆ ಒಳಗಡೆ ಬಾಡಿಗೆ ಮನೆ ಸಿಕ್ಕಿತು. ಅಲ್ಲಿಯ ತನಕ ನಮ್ಮೂರಲ್ಲಿ ಗೋಡೆ ಬಿದ್ದ ಮೇಲೆ ಜನರನ್ನು ಎಬ್ಬಿಸಿದ್ದುಂಟು, ಬೀಳುವ ಮೊದಲು ಎಬ್ಬಿಸಿದ್ದು ಅದೇ ಮೊದಲು. ತ್ರೇಸ್ಯಮ್ಮೂಮ್ಮ ಕೋಳಿಗಳನ್ನೂ ಮಾತೆಯ ಪಟವನ್ನೂ ಹಿಡಿದುಕೊಂಡು ಬೈಯುತ್ತಲೇ ಹೊರಟರು. ಸಾರ್ ಅವರ ಮಂಚವನ್ನು ತಾವೇ ತಲೆಯ ಮೇಲೆ ಹೊತ್ತು ನಡೆದರು. ಜುಲೈಯಲ್ಲಿ ಕಡಲು ಆ ನಾಲ್ಕು ಮನೆಗಳಲ್ಲಿ ಎರಡನ್ನು ನುಂಗಿತು. ಒಳಗೆ ಯಾರೂ ಇರಲಿಲ್ಲ. ಮರುದಿನ ಅಮ್ಮೂಮ್ಮ ಶಾಲೆಯ ಗೇಟಿಗೆ ಬಂದು ನಿಂತರು. ಬೈಯಲು ಬಂದಿದ್ದಾರೆಂದು ಸಾರ್ ಹಿಂಜರಿಯುತ್ತ ಹೋದರು. ಅಮ್ಮೂಮ್ಮ ಮೊಟ್ಟೆಯ ಪೊಟ್ಟಣ ಕೈಗಿಟ್ಟು ಹೋದರು.

ಸಿಲುವಯ್ಯನ್ ಸಾರ್ ನಿವೃತ್ತರಾಗಿ ಈಗ ಕೆಲವು ವರ್ಷ. ಮೆಟಿಲ್ಡ ಪೊಲೀಸ್ ತಂಡದ ಗೋಲ್‌ಕೀಪರ್. ಸ್ಟೆಲ್ಲಸ್ ಚಿಕ್ಕಪ್ಪನ ದೋಣಿಯಲ್ಲಿದ್ದಾನೆ. ಅಳತೆಯ ಕೆಲಸ ಯಾರ ಪಾಲಿಗೆ ಬಂತೆಂದರೆ, ನಂಬಿದರೆ ನಂಬಿ, ಪ್ರಸನ್ನಕುಮಾರಿ ಟೀಚರ ಪಾಲಿಗೆ. ಕಡಲು ಸಿಲಬಸ್ಸಿಗೆ ಬಂದುಬಿಟ್ಟಿತು. ತಿಂಗಳ ಮೊದಲ ಶನಿವಾರ ಅವರು ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, ಕೊಡೆ ಹಿಡಿದು ನೀರಂಚಿನಲ್ಲಿ ನಿಲ್ಲುತ್ತಾರೆ. ನಿವೃತ್ತರಾದವರು ದೋಣಿಯ ಅಂಚಿನಲ್ಲಿ ಕೂತು ನೋಡಬಹುದು, ಬಾಯಿ ಹಾಕುವಂತಿಲ್ಲ ಎಂಬುದು ಟೀಚರ ಕಟ್ಟುನಿಟ್ಟು. ಸಾರ್ ಹೇಳಿದಂತೆ ಕೂರುತ್ತಾರೆ. ಹೋದ ತಿಂಗಳು ಒಬ್ಬ ಹುಡುಗ ಕೋಲನ್ನು ವಾಲಿಸಿ ಹಿಡಿದದ್ದನ್ನು ನೋಡಲಾರದೆ ಎದ್ದೇಬಿಟ್ಟರಂತೆ. ಟೀಚರು ಕೊಡೆಯ ತುದಿಯಿಂದಲೇ ದೋಣಿಯನ್ನು ತೋರಿಸಿದರಂತೆ. ಅವರು ಹಿಂದಿರುಗಿ ಕೂತು, ಲೂರ್ದಮ್ಮ ಮಕ್ಕಳಿಗೆಂದು ಕಳಿಸಿದ್ದ ಬೇಯಿಸಿದ ಮರಗೆಣಸನ್ನು ಕಾಂತಾರಿ ಮೆಣಸಿನ ಚಟ್ನಿಗೆ ಅದ್ದಿಕೊಂಡು ಅರ್ಧ ಖಾಲಿ ಮಾಡಿದರಂತೆ.